ಧಾರವಾಡದಿಂದ ಕೊಣಾಜೆಗೆ ಬಂದವಳ ಅನುಭವ: ಕ್ಯಾಂಪಸ್ ಹತ್ತಿರ ಇರಬೇಕಾ, ಮಂಗಳೂರಲ್ಲಿ ರೂಮ್ ಮಾಡಬೇಕಾ?

ಧಾರವಾಡದವಳು

ಬೇರೆ ವಿಶ್ವವಿದ್ಯಾಲಯದಲ್ಲಿ ಡಿಗ್ರಿ ಮುಗಿಸಿ ಮಂಗಳೂರು ವಿ.ವಿ.ಗೆ ಬರುವವರು ಪ್ರತಿ ವರ್ಷ ಇದೇ ಪ್ರಶ್ನೆ ಕೇಳುತ್ತಾರೆ. ನಾನು ಧಾರವಾಡದಲ್ಲಿ ಬಿ.ಎಸ್ಸಿ. ಮಾಡಿ ಇಲ್ಲಿ ಸಾಗರ ಭೂವಿಜ್ಞಾನಕ್ಕೆ ಸೇರಿದವಳು. ಈಗ ಎರಡನೇ ವರ್ಷ. ನನ್ನ ಉತ್ತರ ಮೊದಲೇ ಹೇಳಿಬಿಡುತ್ತೇನೆ. ಹೊರಗಿನಿಂದ ಬರುವವರು ಮೊದಲ ವರ್ಷ ಕ್ಯಾಂಪಸ್ ಇರುವ ಗುಡ್ಡದ ಮೇಲೇ ಇರಿ. ಹಾಸ್ಟೆಲ್ ಸಿಕ್ಕರೆ ಹಾಸ್ಟೆಲ್, ಇಲ್ಲದಿದ್ದರೆ ಕೊಣಾಜೆ, ಅಸೈಗೋಳಿ ಕಡೆ ಯಾವುದಾದರೂ ಪಿ.ಜಿ. ನೋಡಿಕೊಳ್ಳಿ.

ಮಂಗಳೂರು ವಿಶ್ವವಿದ್ಯಾಲಯ ಮಂಗಳೂರು ಸಿಟಿಯೊಳಗೆ ಇಲ್ಲ. ಸಿಟಿಯಿಂದ ಸುಮಾರು 20 ಕಿ.ಮೀ. ದೂರ ಕೊಣಾಜೆಯಲ್ಲಿದೆ. ಕ್ಯಾಂಪಸ್ಸಿಗೆ ಮಂಗಳಗಂಗೋತ್ರಿ ಅಂತ ಹೆಸರು. ಹಂಪನಕಟ್ಟೆಯಲ್ಲಿರುವುದು ವಿಶ್ವವಿದ್ಯಾಲಯ ಕಾಲೇಜು. ಅದು 1868ರಲ್ಲಿ ಶುರುವಾದ ಹಳೆಯ ಸರಕಾರಿ ಕಾಲೇಜು, ಈಗ ವಿ.ವಿ.ಯ ಕೈಕೆಳಗಿದೆ. ಹೊಸಬರು ಬೋರ್ಡು ನೋಡಿ ಅಲ್ಲೇ ಇಳಿದು ವಿಚಾರಿಸುವುದುಂಟು.

ಸ್ಟೇಟ್‌ಬ್ಯಾಂಕ್ ನಿಲ್ದಾಣದಲ್ಲಿ ಹತ್ತಿದರೆ ನೇತ್ರಾವತಿ ಸೇತುವೆ, ತೊಕ್ಕೊಟ್ಟು, ದೇರಳಕಟ್ಟೆ, ಅಸೈಗೋಳಿ ದಾಟಿ ಕೊಣಾಜೆ. ಟ್ರಾಫಿಕ್ ಇದ್ದರೆ ಒಂದು ತಾಸು ಹಿಡಿಯುತ್ತದೆ. ಸಿಟಿಯಲ್ಲಿ ರೂಮ್ ಮಾಡಿದ ನನ್ನ ಕ್ಲಾಸಿನವರು ಬೆಳಗ್ಗೆ ಒಂದು ತಾಸು, ಸಂಜೆ ಒಂದು ತಾಸು ಬಸ್ಸಿಗೆ ಕೊಡುತ್ತಾರೆ. ಅದನ್ನಾದರೂ ಸಹಿಸಬಹುದು. ಕೊನೆಯ ಕ್ಲಾಸ್ ಮುಗಿಯುವಾಗ ಅವರ ಗಮನವೆಲ್ಲ ಬಸ್ಸಿನ ಮೇಲೆ ಇರುತ್ತದಲ್ಲ, ಅದೇ ನನಗೆ ಬೇಸರ. ಲ್ಯಾಬಲ್ಲಿ ಸರ್ ಜೊತೆ ಇನ್ನೂ ಸ್ವಲ್ಪ ಹೊತ್ತು ಮಾತಾಡೋಣ ಅಂದರೆ ಅವರು ಆಗಲೇ ಬ್ಯಾಗ್ ಹಾಕಿಕೊಂಡಿರುತ್ತಾರೆ.

ಧಾರವಾಡ ಬೇರೆ ತರಹ. ಅಲ್ಲಿ ಊರೇ ವಿದ್ಯಾರ್ಥಿಗಳದ್ದು. ಕಾಲೇಜಿನಿಂದ ಹೊರಗೆ ಬಂದರೆ ಖಾನಾವಳಿ, ಕೋಚಿಂಗ್ ಸೆಂಟರ್, ಪುಸ್ತಕದ ಅಂಗಡಿ, ರೂಮ್‌ಮೇಟ್‌ಗಳು ಎಲ್ಲ ನಡೆದು ಹೋಗುವಷ್ಟು ಹತ್ತಿರ. ಕರ್ನಾಟಕ ವಿ.ವಿ. ಇರುವ ಛೋಟಾ ಮಹಾಬಳೇಶ್ವರ ಗುಡ್ಡವೂ ಊರಿಗೆ ಅಂಟಿಕೊಂಡೇ ಇದೆ. ಇಲ್ಲಿ ಗುಡ್ಡ ಬೇರೆ, ಸಿಟಿ ಬೇರೆ. ನಡುವೆ ಒಂದು ದೊಡ್ಡ ಹೊಳೆ. ಮೊದಲ ತಿಂಗಳು ನನಗೆ ತುಂಬ ಒಂಟಿ ಅನಿಸಿತ್ತು. ಈಗ ಇದೇ ದೂರ ಇಷ್ಟವಾಗಿದೆ.

ನನ್ನ ವಿಷಯದವರಿಗಂತೂ ಗುಡ್ಡವೇ ಪಾಠ. ಇಲ್ಲಿ ಎಲ್ಲಿ ನೋಡಿದರೂ ಮುರಕಲ್ಲು, ಅಂದರೆ ಜಂಬಿಟ್ಟಿಗೆ (ಲ್ಯಾಟರೈಟ್). ಊರ ಕಡೆ ಕರಿಮಣ್ಣು ನೋಡಿ ಬೆಳೆದವಳಿಗೆ ಈ ಕೆಂಪು ಬಣ್ಣವೇ ಹೊಸದು. ವರ್ಷಕ್ಕೆ 3,500 ಮಿ.ಮೀ.ಗಿಂತ ಜಾಸ್ತಿ ಸುರಿಯುವ ಮಳೆ ಬಂಡೆಯೊಳಗಿನ ಸಿಲಿಕಾವನ್ನು ತೊಳೆದುಕೊಂಡು ಹೋಗುತ್ತದೆ. ಕಬ್ಬಿಣ, ಅಲ್ಯೂಮಿನಿಯಂ ಉಳಿಯುತ್ತವೆ. ನೆಲದಿಂದ ಕಡಿಯುವಾಗ ಮೆತ್ತಗಿರುವ ಕಲ್ಲು ಗಾಳಿ ಬಿಸಿಲಿಗೆ ಗಟ್ಟಿಯಾಗುತ್ತದೆ. ಅದಕ್ಕೇ ಇಲ್ಲಿನ ಮನೆ, ಪಾಗಾರ, ಬಾವಿ ಕಟ್ಟೆ ಎಲ್ಲ ಈ ಕಲ್ಲಿನದ್ದೇ. ಡಿಗ್ರಿಯಲ್ಲಿ ನಾಲ್ಕು ಸಾಲು ಬರೆದು ಪಾಸಾದ ವಿಷಯ, ಇಲ್ಲಿ ಹಾಸ್ಟೆಲಿಂದ ಡಿಪಾರ್ಟ್‌ಮೆಂಟಿಗೆ ಹೋಗುವ ದಾರಿಯ ಪಕ್ಕದಲ್ಲೇ ಕಡಿದ ಗೋಡೆಯಾಗಿ ನಿಂತಿದೆ. ಮೇಲೆ ಗಟ್ಟಿ ಕೆಂಪು ಪದರ, ಕೆಳಗೆ ಬಿಳಿ ಜೇಡಿ. ಉಗುರಲ್ಲಿ ಗೀರಿ ನೋಡಬಹುದು.

ಮಳೆ ಬಗ್ಗೆ ಎಷ್ಟು ಹೇಳಿದರೂ ಬಂದು ನೋಡದೆ ಅರ್ಥವಾಗುವುದಿಲ್ಲ. ಧಾರವಾಡದಲ್ಲಿ ವರ್ಷಕ್ಕೆ ಬೀಳುವ ಮಳೆ ಇದರ ಕಾಲು ಭಾಗದ ಆಸುಪಾಸು. ಜೂನ್ ಜುಲೈಯಲ್ಲಿ ಬಟ್ಟೆ ಒಣಗುವುದಿಲ್ಲ. ಲೆದರ್ ಚಪ್ಪಲಿ, ಬೆಲ್ಟ್, ಪುಸ್ತಕದ ರಟ್ಟು ಎಲ್ಲಕ್ಕೂ ಬೂಷ್ಟು ಹಿಡಿಯುತ್ತದೆ. ಜಿಲ್ಲಾಧಿಕಾರಿ ಮಳೆ ರಜೆ ಕೊಟ್ಟರು ಅಂತ ಸುದ್ದಿ ಬಂದರೆ ಖುಷಿಪಡುವ ಮೊದಲು ಪೂರ್ತಿ ಓದಿ, ಎಷ್ಟೋ ಸಲ ಅದು ಪಿಯುಸಿವರೆಗೆ ಮಾತ್ರ.

ಇನ್ನು ಶನಿವಾರ, ಭಾನುವಾರ. ಇದನ್ನು ಯಾರೂ ಮೊದಲೇ ಹೇಳಿರಲಿಲ್ಲ. ಪುತ್ತೂರು, ಬಂಟ್ವಾಳ, ಕಾರ್ಕಳ, ಉಡುಪಿಯವರೆಲ್ಲ ಶನಿವಾರ ಮಧ್ಯಾಹ್ನ ಮನೆಗೆ ಹೋಗಿಬಿಡುತ್ತಾರೆ. ಹಾಸ್ಟೆಲ್ ಖಾಲಿ. ಉಳಿಯುವವರು ರಾಯಚೂರು, ಕೊಪ್ಪಳ, ಹಾವೇರಿ ಕಡೆಯವರು ಮತ್ತೆ ಕೊಡಗಿನ ಕೆಲವರು. ನನಗೆ ಗೆಳತಿಯರು ಸಿಕ್ಕಿದ್ದು ಆ ಖಾಲಿ ಭಾನುವಾರಗಳಲ್ಲೇ. ಸಿಟಿಯಲ್ಲಿ ಒಂದು ರೂಮಲ್ಲಿ ಒಬ್ಬಳೇ ಇದ್ದಿದ್ದರೆ ಇವರ್‍ಯಾರೂ ಸಿಗುತ್ತಿರಲಿಲ್ಲ.

ಬೇರೆಯವರು ಏನಂತೀರಿ?

ಪಡೀಲಿನಿಂದ ಓಡಾಡುವವಳು

ಅಕ್ಕ, ಚೆನ್ನಾಗಿ ಬರೆದಿದ್ದೀರಿ. ಆದರೆ ಎಲ್ಲರಿಗೂ ಗುಡ್ಡವೇ ಸರಿ ಅನ್ನುವುದನ್ನು ನಾನು ಒಪ್ಪುವುದಿಲ್ಲ.

ನಾನು ಮನೆಯಿಂದ ಓಡಾಡುತ್ತೇನೆ. ಸಿಟಿಯಲ್ಲಿ ಪಾರ್ಟ್ ಟೈಮ್ ಕೆಲಸ ಉಂಟು, ಟ್ಯೂಷನ್ ಕೊಡಬಹುದು, ಬ್ಯಾಂಕ್ ಪರೀಕ್ಷೆ, ಕೆಎಎಸ್ ಕೋಚಿಂಗ್ ಉಂಟು. ನಮ್ಮಲ್ಲಿ ಎಷ್ಟೋ ಜನ ಸಂಜೆ ಅಂಗಡಿಗಳಲ್ಲಿ ಲೆಕ್ಕ ಬರೆದು ಫೀಸು ಕಟ್ಟುವವರು. ಕೊಣಾಜೆಯಲ್ಲಿ ಅಂಥ ಕೆಲಸ ಎಲ್ಲಿ ಸಿಗುತ್ತದೆ? ಎಂ.ಕಾಂ., ಎಂಬಿಎಯವರಿಗೆ ಸಿಟಿ ಬೇಕೇ ಬೇಕು.

ಹುಡುಗಿಯರು ಬಸ್ಸಿನ ಖರ್ಚನ್ನೂ ಲೆಕ್ಕ ಹಾಕಬೇಕು. ಶಕ್ತಿ ಯೋಜನೆ 2023ರ ಜೂನ್‌ನಲ್ಲಿ ಬಂತು. ಉತ್ತರ ಕರ್ನಾಟಕದ ಗೆಳತಿಯರು ಆಧಾರ್ ಕಾರ್ಡ್ ತೋರಿಸಿ ಊರೆಲ್ಲ ತಿರುಗುತ್ತಾರೆ. ಅದು ಸರಕಾರಿ ಬಸ್ಸಿಗೆ ಮಾತ್ರ. ಮಂಗಳೂರು, ಉಡುಪಿಯಲ್ಲಿ ಸಿಟಿ ಬಸ್ ಅಂದರೆ ಹೆಚ್ಚಾಗಿ ಖಾಸಗಿಯವರದ್ದೇ. ನಾವು ದುಡ್ಡು ಕೊಟ್ಟೇ ಹೋಗಬೇಕು. ಈ ರೂಟಿಗೆ ಸರಕಾರಿ ಬಸ್ಸು ಜಾಸ್ತಿ ಬೇಕು ಅಂತ ನಾವು ವಿದ್ಯಾರ್ಥಿಗಳು ಗಟ್ಟಿಯಾಗಿ ಕೇಳಬೇಕು. ಬೇರೆ ಜಿಲ್ಲೆಯ ಹುಡುಗಿಗೆ ಸಿಕ್ಕಿದ್ದು ಕರಾವಳಿಯ ಹುಡುಗಿಗೆ ಯಾಕೆ ಸಿಗಬಾರದು?

ಹಾಗಂತ ಖಾಸಗಿ ಬಸ್ಸಿನವರನ್ನು ಬರೀ ದೂರಲಿಕ್ಕೂ ನನಗೆ ಮನಸ್ಸಿಲ್ಲ. ಬಸ್ಸು ಒಂದರ ಹಿಂದೆ ಒಂದು ಬರುತ್ತಲೇ ಇರುತ್ತದೆ. ಕಂಡಕ್ಟರಿಗೆ ನಮ್ಮ ಮುಖ ಗುರುತಿರುತ್ತದೆ. ಮಳೆಗೆ ಓಡಿ ಬರುವುದು ಕಂಡರೆ ವಿಶಲ್ ಹಾಕಿ ನಿಲ್ಲಿಸುತ್ತಾರೆ.

ಧಾರವಾಡದವಳು

ಬಸ್ಸಿನ ಮಾತು ನೂರಕ್ಕೆ ನೂರು ನಿಜ. ನನ್ನ ತಿಂಗಳ ಖರ್ಚಲ್ಲಿ ಊಟ ಬಿಟ್ಟರೆ ಮುಂದಿನದು ಬಸ್ಸೇ. ಕೆಲಸ ಮಾಡಿ ಓದುವವರ ವಿಷಯದಲ್ಲೂ ನಿಮ್ಮ ಮಾತು ಒಪ್ಪುತ್ತೇನೆ. ನಾನು ಹೇಳಿದ್ದು ಇಲ್ಲಿ ಯಾರ ಪರಿಚಯವೂ ಇಲ್ಲದೆ ಬರುವವರಿಗೆ. ನಿಮಗೆ ಮನೆ ಇದೆ, ಭಾಷೆ ಇದೆ, ನೆಂಟರಿದ್ದಾರೆ. ನಮಗೆ ಅದನ್ನೆಲ್ಲ ಶುರುವಿನಿಂದ ಕಟ್ಟಿಕೊಳ್ಳಬೇಕು, ಅಲ್ವಾ? ಅದಕ್ಕೆ ನಾಲ್ಕು ಜನ ಒಟ್ಟಿಗಿರುವ ಜಾಗ ಬೇಕು.

ಹಳೇ ಗಂಗೋತ್ರಿ

ನಾನು ಇಲ್ಲಿ ಎಂ.ಎ. ಮಾಡಿದ್ದು 80ರ ದಶಕದಲ್ಲಿ. ಹೊಸಬರಿಗೆ ಸ್ವಲ್ಪ ಹಿನ್ನೆಲೆ ಗೊತ್ತಿರಲಿ.

1968ರಲ್ಲಿ ಇದು ಮೈಸೂರು ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರವಾಗಿ ಶುರುವಾಯಿತು. ಮೈಸೂರಿನದ್ದು ಮಾನಸಗಂಗೋತ್ರಿ, ಇಲ್ಲಿಯದು ಮಂಗಳಗಂಗೋತ್ರಿ. ಕನ್ನಡ ವಿಭಾಗವನ್ನು ಕಟ್ಟಿದವರು ಎಸ್.ವಿ. ಪರಮೇಶ್ವರ ಭಟ್ಟರು. ಈಗಲೂ ವಿಭಾಗಕ್ಕೆ ಅವರದ್ದೇ ಹೆಸರು. 1980ರ ಸೆಪ್ಟೆಂಬರ್‌ನಲ್ಲಿ ಸ್ವತಂತ್ರ ವಿಶ್ವವಿದ್ಯಾಲಯವಾಯಿತು. ಮೊದಲ ಕುಲಪತಿ ಇತಿಹಾಸಕಾರ ಬಿ. ಶೇಖ್ ಅಲಿಯವರು. ಆಗ ದಕ್ಷಿಣ ಕನ್ನಡ ಮತ್ತು ಕೊಡಗು ಇದರ ವ್ಯಾಪ್ತಿ. ಉಡುಪಿ ಇನ್ನೂ ಬೇರೆ ಜಿಲ್ಲೆಯಾಗಿರಲಿಲ್ಲ, ಅದು ಆದದ್ದು 1997ರಲ್ಲಿ.

ನಮ್ಮ ಕಾಲದಲ್ಲಿ ಗುಡ್ಡ ಪೂರ್ತಿ ಬೋಳು. ಬೇಸಿಗೆಯಲ್ಲಿ ಹುಲ್ಲು ಒಣಗಿ ಕಲ್ಲು ಕಾಯುತ್ತಿತ್ತು. ಈಗ ಅಷ್ಟು ಮರ ನೋಡಿದರೆ ಆಶ್ಚರ್ಯವಾಗುತ್ತದೆ. ದೇರಳಕಟ್ಟೆ ಅಂದರೆ ನಾಲ್ಕು ಅಂಗಡಿ. ಇವತ್ತು ಅಲ್ಲಿ ಮೆಡಿಕಲ್ ಕಾಲೇಜುಗಳು, ದೊಡ್ಡ ಆಸ್ಪತ್ರೆಗಳು, ಅತ್ತ ಮುಡಿಪಿನಲ್ಲಿ ಇನ್ಫೋಸಿಸ್. ಸಿಟಿಯೇ ಗುಡ್ಡ ಹತ್ತಿ ಬರುತ್ತಿದೆ.

ಅಂದು ಸಂಜೆಯ ಕೊನೆಯ ಬಸ್ಸು ಹೋದ ಮೇಲೆ ಉಳಿದವರೇ ಒಂದು ಊರು. ಹಾಸ್ಟೆಲಿನ ಮೆಟ್ಟಿಲ ಮೇಲೆ ಕೂತು ನಾವು ಕಲಿತದ್ದು ಕ್ಲಾಸಿನಲ್ಲಿ ಕಲಿತದ್ದಕ್ಕಿಂತ ಕಮ್ಮಿ ಏನಲ್ಲ. ಧಾರವಾಡದ ತಂಗಿ ಹೇಳಿದ್ದು ಸರಿ ಅಂತಲೇ ನನ್ನ ಅಭಿಪ್ರಾಯ.

ಮಣಿಪಾಲದಲ್ಲಿ ಓದಿದವ

ಹೋಲಿಕೆಗೆ ಒಂದು ಮಾತು. ಮಣಿಪಾಲವೂ ಬೋಳು ಗುಡ್ಡವೇ ಆಗಿತ್ತು. ಟಿ.ಎಂ.ಎ. ಪೈಯವರು 1953ರಲ್ಲಿ ಕಸ್ತೂರ್ಬಾ ಮೆಡಿಕಲ್ ಕಾಲೇಜು ಶುರು ಮಾಡಿದ ಮೇಲೆ ಕಾಲೇಜಿನ ಸುತ್ತ ಊರು ಬೆಳೆಯಿತು. ಈಗ ರಾತ್ರಿ ಹನ್ನೊಂದಕ್ಕೂ ಹೋಟೆಲು ತೆರೆದಿರುತ್ತದೆ. ಎಂಡ್ ಪಾಯಿಂಟ್‌ನಲ್ಲಿ ಸಂಜೆ ಜನವೋ ಜನ. ಅನುಕೂಲ ಜಾಸ್ತಿ, ಖರ್ಚೂ ಜಾಸ್ತಿ.

ಆದರೆ ಅಲ್ಲಿ ಎಲ್ಲ ರಾಜ್ಯದವರೂ ಇರುವುದರಿಂದ ಉಡುಪಿಯ ಜೊತೆ ಸಂಬಂಧವೇ ಇಲ್ಲದೆ ನಾಲ್ಕು ವರ್ಷ ಕಳೆಯಬಹುದು. ನನ್ನ ಬ್ಯಾಚಿನ ಎಷ್ಟೋ ಜನ ಐದಾರು ಕಿ.ಮೀ. ದೂರದ ರಥಬೀದಿಯಲ್ಲಿ ವಿಟ್ಲಪಿಂಡಿಯ ದಿನ, ಅಂದರೆ ಕೃಷ್ಣಾಷ್ಟಮಿಯ ಮರುದಿನ, ಹುಲಿವೇಷ ಕುಣಿಯುವುದನ್ನು ಒಮ್ಮೆಯೂ ನೋಡಲಿಲ್ಲ. ನನಗೆ ಅದು ದೊಡ್ಡ ನಷ್ಟ ಅನಿಸುತ್ತದೆ. ಕೊಣಾಜೆಯಲ್ಲಿ ಹಾಗೆ ಇರಲಿಕ್ಕೆ ಆಗುವುದಿಲ್ಲ, ಹೊರಗೆ ಕಾಲಿಟ್ಟರೆ ಹಳ್ಳಿ.

ಮುಡಿಪಿನವ

ಅದನ್ನೇ ನಾನು ಹೇಳಬೇಕು ಅಂತ ಇದ್ದೆ. ನಾನು ವಿದ್ಯಾರ್ಥಿ ಅಲ್ಲ, ಇದೇ ಊರಿನವ. ತೋಟ ಉಂಟು, ಒಂದು ಸಣ್ಣ ಅಂಗಡಿ ಉಂಟು.

ಕ್ಯಾಂಪಸ್ಸಿನ ಮಕ್ಕಳು ಊರಿಗೆ ಬರುವುದು ಕಮ್ಮಿ ಮಾರಾಯ್ರೆ. ರೀಚಾರ್ಜಿಗೆ, ಜೆರಾಕ್ಸಿಗೆ ಬರುತ್ತಾರೆ, ಹೋಗುತ್ತಾರೆ. ನಮ್ಮಲ್ಲಿ ತುಳು, ಬ್ಯಾರಿ, ಕೊಂಕಣಿ, ಮಲಯಾಳ ಎಲ್ಲ ನಡೆಯುತ್ತದೆ. ಹೊರಗಿನವರು ಬಂದರೆ ಕನ್ನಡದಲ್ಲೇ ಮಾತಾಡುತ್ತೇವೆ. ಹೆದರುವ ಅಗತ್ಯ ಇಲ್ಲ. ದೀಪಾವಳಿ ಕಳೆದ ಮೇಲೆ ಪತ್ತನಾಜೆವರೆಗೆ, ಅಂದರೆ ನವೆಂಬರಿಂದ ಮೇ ಕೊನೆಯವರೆಗೆ, ಇಲ್ಲಿ ಎಲ್ಲಾದರೂ ಒಂದು ಕಡೆ ಆಟ, ಅಂದರೆ ಯಕ್ಷಗಾನ, ಇದ್ದೇ ಇರುತ್ತದೆ. ಹರಕೆ ಆಟಕ್ಕೆ ಟಿಕೆಟ್ ಇಲ್ಲ, ಆಮಂತ್ರಣ ಬೇಕು ಅಂತಲೂ ಇಲ್ಲ. ಬಂದವರಿಗೆಲ್ಲ ಊಟ ಇರುತ್ತದೆ. ಬನ್ನಿ.

ಧಾರವಾಡದವಳು

ಅಣ್ಣ, ನಾವು ಬಂದಿದ್ದೇವೆ! ಗುಡ್ಡದ ಮೇಲೆ ಇರಿ ಅಂತ ನಾನು ಇಷ್ಟು ಒತ್ತಿ ಹೇಳುವುದಕ್ಕೆ ಅದೂ ಒಂದು ಕಾರಣ. ಇದನ್ನು ಸ್ವಲ್ಪ ಬರೆಯಲೇಬೇಕು.

ಹಾಸ್ಟೆಲಿನ ಗೆಳತಿಯೊಬ್ಬಳ ನೆಂಟರ ಮನೆಯಲ್ಲಿ ಕಟೀಲು ಮೇಳದ ಹರಕೆ ಆಟ ಇತ್ತು. ಕೊಯ್ಲಾದ ಗದ್ದೆಯಲ್ಲಿ ರಂಗಸ್ಥಳ. ಅವಳು ಮೊದಲು ನಮ್ಮನ್ನು ಕರೆದುಕೊಂಡು ಹೋಗಿದ್ದು ಚೌಕಿಗೆ, ಅಂದರೆ ವೇಷ ಕಟ್ಟಿಕೊಳ್ಳುವ ಜಾಗಕ್ಕೆ. ತಗಡಿನ ಶೀಟಿನ ಮರೆಯಲ್ಲಿ ಕಲಾವಿದರು ಸಾಲಾಗಿ ನೆಲದ ಮೇಲೆ ಕೂತಿದ್ದರು. ಒಬ್ಬೊಬ್ಬರ ಮುಂದೆ ಒಂದು ಪೆಟ್ಟಿಗೆ, ಸಣ್ಣ ಕನ್ನಡಿ. ತುದಿಯಲ್ಲಿ ದೇವರ ಮುಂದೆ ದೀಪ. ರಾಕ್ಷಸನ ವೇಷದ ಹಿರಿಯರೊಬ್ಬರು ಅಕ್ಕಿಹಿಟ್ಟು ಸುಣ್ಣ ಕಲಸಿದ್ದನ್ನು ಕಡ್ಡಿಯ ತುದಿಯಲ್ಲಿ ತೆಗೆದು ಮುಖದ ಮೇಲೆ ಮುಳ್ಳು ಮುಳ್ಳಾಗಿ ಇಡುತ್ತಿದ್ದರು. ಚಿಟ್ಟಿ ಇಡುವುದು ಅಂತ ಅವಳು ಹೇಳಿದಳು. ಒಂದು ಸಾಲು ಒಣಗಬೇಕು, ಆಮೇಲೆ ಅದರ ಮೇಲೆ ಇನ್ನೊಂದು. ಗಂಟೆಗಟ್ಟಲೆ ಕೆಲಸ. ಯಾರ ಸಹಾಯವೂ ಇಲ್ಲ, ತಮ್ಮ ಮುಖ ತಾವೇ ಬರೆದುಕೊಳ್ಳುತ್ತಾರೆ. ಹೊರಗೆ ಚೆಂಡೆ ಶುರುವಾದರೂ ಅವರ ಕೈ ಅಲ್ಲಾಡಲಿಲ್ಲ.

ನಾನು ಊರಲ್ಲಿ ಸಣ್ಣಾಟ, ದೊಡ್ಡಾಟ ನೋಡಿದವಳು. ಆದರೂ ಆ ವೇಷ ಕೂಗು ಹಾಕುತ್ತ ಸಭೆಯ ಮಧ್ಯದಿಂದ ರಂಗಕ್ಕೆ ಬಂದಾಗ ಮೈ ಜುಮ್ಮೆಂದಿತು. ಈಗ ಬಹಳ ಕಡೆ ಕಾಲಮಿತಿ ಅಂತ ಮಧ್ಯರಾತ್ರಿಯೊಳಗೆ ಮುಗಿಸುತ್ತಾರೆ, ಹಾಗಾಗಿ ಮರುದಿನದ ಕ್ಲಾಸಿಗೂ ತೊಂದರೆ ಇಲ್ಲ. ವಿ.ವಿ.ಯಲ್ಲೇ ಯಕ್ಷಗಾನ ಅಧ್ಯಯನ ಕೇಂದ್ರವೂ ಇದೆ. ವಿಜ್ಞಾನದವರು ಅತ್ತ ತಿರುಗಿ ನೋಡುವುದಿಲ್ಲ. ನೋಡಬೇಕು.

ಸಿಟಿಯಲ್ಲಿ ರೂಮ್ ಮಾಡಿದ್ದರೆ ಇಂಥದ್ದಕ್ಕೆ ಯಾರು ಕರೆಯುತ್ತಿದ್ದರು?

ಹಾವೇರಿ ಕಡೆಯ ತಂದೆ

ಮಗಳಿಗೆ ಎಂ.ಎಸ್ಸಿ. ಸೀಟು ಸಿಗುವ ಹಾಗಿದೆ. ನಮ್ಮದು ಸಸ್ಯಾಹಾರಿ ಮನೆ. ಅವಳು ರೊಟ್ಟಿ ಇಲ್ಲದೆ ಉಂಡವಳಲ್ಲ. ಊಟ ಹೊಂದುತ್ತದೆಯಾ? ಹುಡುಗಿಯರಿಗೆ ಸುರಕ್ಷಿತವಾ? ದಯವಿಟ್ಟು ಇದ್ದದ್ದು ಇದ್ದಂಗೆ ಹೇಳವ್ವಾ.

ಧಾರವಾಡದವಳು

ಕಾಕಾ, ಇದ್ದದ್ದು ಇದ್ದಂಗೆ ಹೇಳ್ತೀನಿ.

ಊಟ ಶುರುವಿಗೆ ಕಷ್ಟ. ಇಲ್ಲಿ ಕುಚ್ಚಲಕ್ಕಿ ಅನ್ನ. ಕಾಳು ದಪ್ಪ, ವಾಸನೆ ಬೇರೆ. ಬೆಳ್ತಿಗೆ ಅನ್ನ ಅಂತ ಕೇಳಿದರೆ ನಮ್ಮ ಬಿಳಿ ಅನ್ನ ಬಹಳ ಕಡೆ ಸಿಗುತ್ತದೆ. ಎಲ್ಲದಕ್ಕೂ ತೆಂಗಿನಕಾಯಿ, ತೆಂಗಿನೆಣ್ಣೆ. ಸಸ್ಯಾಹಾರಕ್ಕೆ ಕೊರತೆ ಇಲ್ಲ. ನೀರುದೋಸೆ, ಬನ್ಸ್, ಗೋಳಿಬಜೆ ಎಲ್ಲ ಅವಳಿಗೆ ಇಷ್ಟವಾಗುತ್ತದೆ. ಪಕ್ಕದ ಮೇಜಿನಲ್ಲಿ ಬಂಗುಡೆ, ಬೂತಾಯಿ ಇರುತ್ತದೆ, ಅದಕ್ಕೆ ಮೊದಲೇ ಮನಸ್ಸು ಮಾಡಿಕೊಂಡು ಬರಲಿ. ಮೀನು ಈ ಊರಿನ ಅನ್ನದ ಜೊತೆಗಾರ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ ಇರುವಾಗ ರೇಟು ಏರಿದರೆ ಇಲ್ಲಿನವರ ಮುಖವೇ ಸಪ್ಪೆಯಾಗುತ್ತದೆ. ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ಕಟ್ಟಿ ಕೊಡಿ. ಮಳೆಗಾಲದಲ್ಲಿ ರೊಟ್ಟಿ ಮೆತ್ತಗಾಗುತ್ತದೆ, ಗಾಳಿ ಹೋಗದ ಡಬ್ಬಿಯಲ್ಲೇ ಹಾಕಿ ಕೊಡಿ.

ಸುರಕ್ಷತೆಯ ಬಗ್ಗೆ ನನ್ನ ಮಟ್ಟಿಗೆ ಹೇಳುವುದಾದರೆ ನಾನು ನೆಮ್ಮದಿಯಾಗಿದ್ದೇನೆ. ಹಾಸ್ಟೆಲಿಗೆ ಸಂಜೆ ಹೊತ್ತಿಗೆ ಮರಳುವ ನಿಯಮ ಇದೆ. ಕ್ಯಾಂಪಸ್ ದೊಡ್ಡದು, ಕೆಲವು ದಾರಿಗಳಲ್ಲಿ ಕತ್ತಲು ಜಾಸ್ತಿ. ನಾವು ಗುಂಪಾಗಿ ಓಡಾಡುತ್ತೇವೆ. ಮಳೆಗಾಲದಲ್ಲಿ ಹಾವು ಕಾಣುತ್ತವೆ, ಟಾರ್ಚ್ ಇಲ್ಲದೆ ಹೊರಡಬಾರದು. ಉಳ್ಳಾಲ, ಸೋಮೇಶ್ವರ ಬೀಚಿಗೆ ಹೋದರೆ ಮಳೆಗಾಲದಲ್ಲಿ ನೀರಿಗೆ ಇಳಿಯಲೇಬಾರದು ಅಂತ ಮಾತ್ರ ಮಗಳಿಂದ ಮಾತು ತಗೊಳ್ಳಿ. ನಾನು ಅದೇ ವಿಷಯ ಓದುತ್ತಿರುವುದರಿಂದ ಇಷ್ಟು ಒತ್ತಿ ಹೇಳುತ್ತಿದ್ದೇನೆ. ಬೇಸಿಗೆಯಲ್ಲಿ ಅಗಲವಾಗಿ ಕಾಣುವ ಮರಳಿನ ದಂಡೆ ಮಳೆಗಾಲದ ಅಲೆಗೆ ಕೊರೆದು ಹೋಗಿರುತ್ತದೆ. ಆ ಮರಳು ಒಳಗೆ ನೀರಿನಡಿ ದಿಬ್ಬವಾಗಿ ನಿಲ್ಲುತ್ತದೆ. ದಿಬ್ಬದ ನಡುವೆ ನೀರು ಜೋರಾಗಿ ಒಳಕ್ಕೆ ಎಳೆಯುತ್ತದೆ. ಮಳೆ ನಿಂತ ಮೇಲೆ ಅದೇ ಮರಳು ನಿಧಾನಕ್ಕೆ ದಂಡೆಗೆ ವಾಪಸ್ ಬರುತ್ತದೆ.

ಕೊಡಗಿನ ಹುಡುಗಿ

ಮಳೆಗೆ ನಾವು ಕೊಡಗಿನವರು ಹೆದರುವುದಿಲ್ಲ, ಆದರೆ ಇಲ್ಲಿನ ಸೆಕೆ! ಮಾರ್ಚ್, ಏಪ್ರಿಲ್‌ನಲ್ಲಿ ಬೆವರು ಒರೆಸಿಯೇ ಸಾಕಾಗುತ್ತದೆ. ಹೊಸಬರು ಹತ್ತಿ ಬಟ್ಟೆ ಮಾತ್ರ ತನ್ನಿ.

ಅಕ್ಕ, ಉಳ್ಳಾಲದ ಫೀಲ್ಡ್ ವರ್ಕ್ ಬಗ್ಗೆ ಬರೆಯಿರಿ. ನಿಮ್ಮವರು ಮರಳು ಮೆತ್ತಿಕೊಂಡು ಹಾಸ್ಟೆಲಿಗೆ ಬರುವುದನ್ನು ನೋಡಿದ್ದೇನೆ, ಅಲ್ಲಿ ಏನು ಮಾಡುತ್ತೀರಿ ಅಂತ ಕೇಳಬೇಕು ಅಂತಿದ್ದೆ.

ಧಾರವಾಡದವಳು

ನೇತ್ರಾವತಿಯೂ ಗುರುಪುರ ಹೊಳೆಯೂ ಒಂದೇ ಬಾಯಲ್ಲಿ ಸಮುದ್ರ ಸೇರುತ್ತವೆ. ಉತ್ತರಕ್ಕೆ ಬೆಂಗ್ರೆ, ದಕ್ಷಿಣಕ್ಕೆ ಉಳ್ಳಾಲದ ಕೋಟೆಪುರ. ನಡುವೆ ಅಳಿವೆ ಬಾಗಿಲು. ಹಳೇ ಬಂದರಿನ ದೋಣಿಗಳೆಲ್ಲ ಅಲ್ಲಿಂದಲೇ ಹೊರಗೆ ಹೋಗಬೇಕು. ಎರಡೂ ಕಡೆಯ ಮರಳಿನ ನಾಲಿಗೆ ಸದಾ ಆಕಾರ ಬದಲಿಸುತ್ತಿರುತ್ತದೆ. ಉಳ್ಳಾಲದಲ್ಲಿ ಕಡಲ್ಕೊರೆತಕ್ಕೆ ಮನೆ, ತೆಂಗಿನ ಮರ ಕಳೆದುಕೊಂಡವರು ಎಷ್ಟೋ ಜನ. ಅದಕ್ಕೇ ಅಲ್ಲಿ ಕಲ್ಲಿನ ತಡೆಗೋಡೆಗಳನ್ನು ಕಟ್ಟಿದ್ದಾರೆ.

ನಾವು ದಂಡೆಯ ಎತ್ತರ ಅಳೆಯುತ್ತೇವೆ, ನೀರಿನ ಅಂಚಿನಿಂದ ಮರಳು ತರುತ್ತೇವೆ. ಲ್ಯಾಬಲ್ಲಿ ತೊಳೆದು, ಒಣಗಿಸಿ, ಒಂದರ ಮೇಲೊಂದು ಇಟ್ಟ ಜರಡಿಗಳಲ್ಲಿ ಹಾಕಿ ಅಲ್ಲಾಡಿಸುತ್ತೇವೆ. ದಪ್ಪ ಕಾಳು ಮೇಲೆ, ಸಣ್ಣದು ಕೆಳಗೆ. ಪ್ರತಿ ಜರಡಿಯದ್ದನ್ನೂ ತೂಗಿ ಬರೆದಿಡಬೇಕು. ಒಮ್ಮೆ ನಾವು ಮರಳು ತುಂಬುತ್ತಿದ್ದಾಗ ಅಲ್ಲಿನ ಒಬ್ಬರು ಅಜ್ಜಿ ಬಂದು, ನಮ್ಮ ಮನೆ ಎಲ್ಲಿತ್ತು ಗೊತ್ತಾ ಅಂತ ನೀರಿನ ಕಡೆ ಕೈ ತೋರಿಸಿದರು. ಅವತ್ತಿನಿಂದ ಆ ತೂಕದ ಪಟ್ಟಿಯನ್ನು ನಾನು ಸುಮ್ನೆ ಮಾರ್ಕಿಗೆ ಅಂತ ಬರೆದಿಲ್ಲ.

ಪಡೀಲಿನಿಂದ ಓಡಾಡುವವಳು

ಇದನ್ನು ಓದಿದ ಮೇಲೆ ಒಂದು ಸೆಮಿಸ್ಟರಾದರೂ ಹಾಸ್ಟೆಲಿನಲ್ಲಿ ಇರಬೇಕು ಅನಿಸುತ್ತಿದೆ. ಆದರೂ ಬಸ್ಸಿನ ವಿಷಯ ಬಿಡುವುದಿಲ್ಲ ನಾನು. ಸರಕಾರಿ ಬಸ್ಸಿಗೆ ಮನವಿ ಬರೆಯೋಣ, ಅಕ್ಕ. ಹಾಸ್ಟೆಲಿನವರ ಸಹಿ ನೀವು ಮಾಡಿಸಿ, ಓಡಾಡುವವರದ್ದು ನಾನು ಮಾಡಿಸುತ್ತೇನೆ.

ಧಾರವಾಡದವಳು

ಖಂಡಿತ. ಸೋಮವಾರ ಲೈಬ್ರರಿ ಹತ್ತಿರ ಸಿಗಿ, ಕರಡು ಬರೆಯೋಣ.

ಹಾವೇರಿ ಕಡೆಯ ತಂದೆ

ಬಹಳ ಉಪಕಾರ ಆಯ್ತವ್ವಾ. ಮಗಳನ್ನು ಕರೆದುಕೊಂಡು ಒಮ್ಮೆ ಬಂದು ನೋಡಬೇಕು ಅಂತ ಇದ್ದೇನೆ. ಏನೇನು ಕಾಗದ ತರಬೇಕು, ಹೇಗೆ ಬರಬೇಕು?

ಧಾರವಾಡದವಳು

ಕಾಕಾ, ಬೇರೆ ವಿ.ವಿ.ಯಿಂದ ಬರುವವರಿಗೆ ಮೈಗ್ರೇಷನ್ ಸರ್ಟಿಫಿಕೇಟ್ ಬೇಕು. ಅದನ್ನು ಈಗಲೇ ಅರ್ಜಿ ಹಾಕಿ ತೆಗೆದಿಡಿ, ಕೊನೆ ಗಳಿಗೆಯಲ್ಲಿ ಓಡಾಟ ಬೇಡ. ಟಿ.ಸಿ., ಎಲ್ಲ ಸೆಮಿಸ್ಟರಿನ ಅಂಕಪಟ್ಟಿ, ಜಾತಿ ಮತ್ತು ಆದಾಯ ಪ್ರಮಾಣಪತ್ರ, ಆಧಾರ್ ಇರಲಿ. ಆದಾಯ ಪತ್ರದ ಅವಧಿ ಮುಗಿದಿದೆಯಾ ನೋಡಿಕೊಳ್ಳಿ, ಸ್ಕಾಲರ್‌ಶಿಪ್ಪಿಗೂ ಹಾಸ್ಟೆಲಿಗೂ ಅದು ಬೇಕಾಗುತ್ತದೆ. ಹಾಸ್ಟೆಲ್ ಅರ್ಜಿಯನ್ನು ಅಡ್ಮಿಷನ್ ದಿನವೇ ಕೇಳಿ ತುಂಬಿ.

ರಾತ್ರಿ ಬಸ್ಸಿಗೆ ಬಂದರೆ ಬೆಳಗ್ಗೆ ಬಿಜೈಯ ಕೆಎಸ್‌ಆರ್‌ಟಿಸಿ ನಿಲ್ದಾಣದಲ್ಲಿ ಇಳಿಯುತ್ತೀರಿ. ಅಲ್ಲಿಂದ ಸಿಟಿ ಬಸ್ಸಲ್ಲಿ ಸ್ಟೇಟ್‌ಬ್ಯಾಂಕ್, ಅಲ್ಲಿ ಕೊಣಾಜೆ ಅಥವಾ ಮುಡಿಪು ಬಸ್ಸು. ಯೂನಿವರ್ಸಿಟಿ ಅಂತ ಕಂಡಕ್ಟರಿಗೆ ಮೊದಲೇ ಹೇಳಿಡಿ. ಬರುವ ಹಿಂದಿನ ದಿನ ಇಲ್ಲೇ ತಿಳಿಸಿ, ನಾವು ಹುಡುಗಿಯರು ಯಾರಾದರೂ ಬಸ್‌ಸ್ಟಾಪಿಗೆ ಬರುತ್ತೇವೆ. ಛತ್ರಿ ಮರೀಬೇಡಿ.